ಏಳು ವರ್ಷಕ್ಕೊಮ್ಮೆ ಹೊಸ ದೇಹ ಬರುವುದಿಲ್ಲ

ಏಳು ವರ್ಷಕ್ಕೊಮ್ಮೆ ದೇಹದ ಜೀವಕೋಶಗಳೆಲ್ಲ ಬದಲಾಗಿ ನಾವು ಪೂರ್ತಿ ಹೊಸಬರಾಗುತ್ತೇವೆ ಎಂಬ ಮಾತು ಭಾಷಣಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಓಡಾಡುತ್ತಲೇ ಇರುತ್ತದೆ. ಕೇಳಲು ಹಿತವಾದ ಮಾತು. ಆದರೆ ನಿಜವಲ್ಲ.

ಗೋಡೆಗೆ ಇಟ್ಟಿಗೆಯಿದ್ದಂತೆ ದೇಹಕ್ಕೆ ಜೀವಕೋಶ ಎಂದು ಶಾಲೆಯಲ್ಲಿ ಓದಿದ್ದೇವೆ. ಇಟ್ಟಿಗೆಗಳೆಲ್ಲ ಒಂದೇ ಅಚ್ಚಿನವು. ಜೀವಕೋಶಗಳು ಹಾಗಲ್ಲ, ಒಂದೊಂದು ಬಗೆಗೂ ಅದರದೇ ಆಯಸ್ಸು. ಕರುಳಿನ ಒಳಪದರದ ಕೋಶಗಳು ಬಾಳುವುದು ಕೆಲವೇ ದಿನ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ. (ಪ್ರತಿ ಕೋಶಕ್ಕೂ ನ್ಯೂಕ್ಲಿಯಸ್ ಇರಲೇಬೇಕು ಎಂಬ ನಂಬಿಕೆಯೂ ಇಲ್ಲೇ ಮುರಿಯುತ್ತದೆ: ಈ ಕಣ ಬಲಿಯುವಾಗಲೇ ತನ್ನ ನ್ಯೂಕ್ಲಿಯಸ್ಸನ್ನು ಹೊರಹಾಕಿರುತ್ತದೆ.) ಮಿದುಳಿನ ಹೊರಪದರದ ನರಕೋಶಗಳಾದರೋ ಹುಟ್ಟಿನಿಂದ ಕೊನೆಯವರೆಗೆ ಅವೇ. ಎಂಬತ್ತರ ಅಜ್ಜಿ ತವರೂರನ್ನು ನೆನೆಯುವುದು ಅಲ್ಲಿ ಕುಂಟೆಬಿಲ್ಲೆ ಆಡುವಾಗಲೂ ಇದ್ದ ನರಕೋಶಗಳಿಂದಲೇ.

ನರಕೋಶಗಳ ಈ ಆಯಸ್ಸನ್ನು ಕಂಡುಹಿಡಿದ ಬಗೆ ಸೋಜಿಗದ್ದು. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು. 1963ರ ಪರೀಕ್ಷಾ ನಿಷೇಧ ಒಪ್ಪಂದದ ನಂತರ ಇಳಿಯತೊಡಗಿತು. ಗಾಳಿಯಿಂದ ಗಿಡಕ್ಕೆ, ಅನ್ನದ ಮೂಲಕ ನಮ್ಮ ಡಿಎನ್‌ಎಗೆ ಅದು ಸೇರಿತು. ಕೋಶ ಹುಟ್ಟಿದ ಕಾಲದ ಮುದ್ರೆ ಹೀಗೆ ಅದರೊಳಗೇ ಬಿದ್ದಿದೆ. ಸ್ವೀಡನ್ನಿನ ವಿಜ್ಞಾನಿ ಯೊನಾಸ್ ಫ್ರಿಸೇನ್ ಮತ್ತು ಸಂಗಡಿಗರು 2005ರಲ್ಲಿ ಆ ಮುದ್ರೆಯನ್ನು ಓದಿ ತೋರಿಸಿದರು.

ನಮ್ಮ ಕೋಶಗಳಿಗಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಹೆಚ್ಚು ಎಂಬುದು ಇನ್ನೊಂದು ನಂಬಿಕೆ. 2016ರ ಲೆಕ್ಕದಂತೆ 70 ಕಿಲೋ ತೂಗುವ ಗಂಡಸಿನಲ್ಲಿ ಅವನದೇ ಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ 38 ಲಕ್ಷ ಕೋಟಿ. ಹೆಚ್ಚುಕಡಿಮೆ ಸರಿಸಮ. ಅಷ್ಟೂ ಬ್ಯಾಕ್ಟೀರಿಯಾ ಸೇರಿದರೆ ತೂಕ ಇನ್ನೂರು ಗ್ರಾಂ ಆಸುಪಾಸು.

ಏಕಕೋಶ ಜೀವಿಯೆಂದರೆ ರೋಗ ತರುವಂಥದ್ದು ಎನ್ನುವವರ ಮನೆಯಲ್ಲೂ ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬಿ ಹುಳಿಯಾಗುವುದು ಬ್ಯಾಕ್ಟೀರಿಯಾದಿಂದಲೇ. ಕಣ್ಣಿಗೆ ಕಾಣದಷ್ಟು ಚಿಕ್ಕದಿರಲೇಬೇಕು ಎಂದೂ ಇಲ್ಲ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದ ಮ್ಯಾಂಗ್ರೋವ್ ಕಾಡಿನಲ್ಲಿ ಸಿಕ್ಕ, 2022ರಲ್ಲಿ ಲೋಕಕ್ಕೆ ಪರಿಚಯವಾದ ಬ್ಯಾಕ್ಟೀರಿಯಾ ಸುಮಾರು ಒಂದು ಸೆಂಟಿಮೀಟರ್ ಉದ್ದ. ಬಿಳಿ ನೂಲಿನ ತುಂಡಿನಂತೆ ಬರಿಗಣ್ಣಿಗೇ ಕಾಣುತ್ತದೆ.

ಏಕಕೋಶ ಜೀವಿ ಉಣ್ಣುವುದು, ಬೆಳೆಯುವುದು, ಒಡೆದು ಎರಡಾಗುವುದು ಎಲ್ಲವನ್ನೂ ತಾನೊಂದೇ ಮಾಡಿಕೊಳ್ಳುತ್ತದೆ. ನಮ್ಮ ಕೋಶಗಳು ಕೆಲಸ ಹಂಚಿಕೊಂಡಿವೆ, ಅದಕ್ಕೆ ಬೆಲೆಯನ್ನೂ ತೆತ್ತಿವೆ. ಹೃದಯದ ಸ್ನಾಯುಕೋಶ ಮಿಡಿಯುವುದರಲ್ಲಿ ಎಷ್ಟು ಪಳಗಿದೆಯೆಂದರೆ ಎರಡಾಗುವುದನ್ನು ಬಹುತೇಕ ಬಿಟ್ಟೇಬಿಟ್ಟಿದೆ. ಇಪ್ಪತ್ತೈದರ ಹರೆಯದಲ್ಲೂ ವರ್ಷಕ್ಕೆ ನೂರರಲ್ಲಿ ಒಂದು ಕೋಶವಷ್ಟೇ ಹೊಸದಾಗುತ್ತದೆ. ಎಪ್ಪತ್ತೈದಕ್ಕೆ ಅದರರ್ಧವೂ ಇಲ್ಲ. ಏಳು ವರ್ಷದ ಮಾತು ನನ್ನನ್ನು ಕಾಡುವುದು ಇದಕ್ಕೇ. ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗಕ್ಕೆ ಹೊಸ ಸ್ನಾಯು ಬಂದು ತುಂಬುವುದಿಲ್ಲ. ಅಲ್ಲಿ ಬೆಳೆಯುವುದು ಗಾಯದ ಕಲೆಯಂಥ ಗಟ್ಟಿ ಅಂಗಾಂಶ. ಅದಕ್ಕೆ ಮಿಡಿಯಲು ಬಾರದು.