ಅಜ್ಜನ ಹಾಡು ಫೋನಿನಲ್ಲಿ ಏಕೆ ಕಾಣಲಿಲ್ಲ?

ನಮ್ಮ ಅಜ್ಜ ಭಜನೆಯವರು. ಅವರ ಹತ್ತಿರ ಕೈಬರಹದ ಒಂದು ಹಾಡಿನ ಪುಸ್ತಕವಿತ್ತು. ಹಾಳೆಗಳು ಪುಡಿಯಾಗುತ್ತಿವೆ ಎಂದು ಚಿಕ್ಕಪ್ಪ ಅದನ್ನು ಪೇಟೆಯ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದರು. ಆಮೇಲೆ ಒಂದು ಮಳೆಗಾಲದಲ್ಲಿ ಮನೆ ಸೋರಿ ಪುಸ್ತಕ ಹಾಳಾಯಿತು. ಅಜ್ಜನೂ ಹೋದರು. ಹೋದ ತಿಂಗಳು ಆ ಫೈಲನ್ನು ಫೋನಿಗೆ ಹಾಕಿಸಿ ತೆರೆದರೆ ಒಂದಕ್ಷರ ಕನ್ನಡವಿಲ್ಲ! ಇಂಗ್ಲಿಷಿನ ಪಿ, ಪೌಂಡಿನ ಗುರುತು, ತಲೆ ಮೇಲೆ ಗೀಟು ಹಾಕಿಕೊಂಡ ಎ. “ಇದೇನಪ್ಪಾ, ನಿಮ್ಮಜ್ಜ ಇಂಗ್ಲಿಷಿನಾಗೆ ಹಾಡ್ತಿದ್ರಾ?” ಎಂದರು ಅಜ್ಜಿ. ನನಗೆ ನಗು ಬರಲಿಲ್ಲ.

ಕಾರಣ ಇಷ್ಟು. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಮೊದಲು ಅದರಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿತ್ತು. ನಮ್ಮವರು ಒಂದು ಉಪಾಯ ಮಾಡಿದರು. ಪಿ ಇದ್ದ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’ದ ಚಿತ್ರ ಕೂರಿಸಿದರು. ತಲೆಕಟ್ಟಿಗೆ ಗೀಟಿನ ಎ ಜಾಗ. ಹೀಗೆ ‘ಕನ್ನಡ’ ಎಂದು ಬರೆಯಲು 7 ತುಂಡು! ಆ ಫಾಂಟ್ ಇದ್ದಲ್ಲಿ ಕನ್ನಡ, ಇಲ್ಲದಿದ್ದಲ್ಲಿ ವೇಷ ಕಳಚಿದ ಹಾಗೆ ಬರೀ ತುಂಡುಗಳು.

1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಸಿಕ್ಕವು. ‘ಕ’ ಅಂದರೆ 3221, ಯಾವ ದೇಶದಲ್ಲಾದರೂ ಅದೇ. ‘ಕನ್ನಡ’ಕ್ಕೆ ಈಗ 5 ಸಂಖ್ಯೆ ಸಾಕು. ಆದರೆ ಪುಟ ಜೋಡಿಸುವ ತಂತ್ರಾಂಶಗಳು ನಮ್ಮ ಒತ್ತಕ್ಷರ ಕಲಿಯಲು ವರ್ಷಗಟ್ಟಲೆ ಹಿಡಿಯಿತು. ಅಷ್ಟರೊಳಗೆ ಎಷ್ಟೋ ಪುಸ್ತಕ, ಲಗ್ನಪತ್ರಿಕೆಗಳು ಹಳೇ ಪದ್ಧತಿಯಲ್ಲೇ ಅಚ್ಚಾದವು.

ನಮ್ಮ ‘ದುರ್ಗ’ವನ್ನೇ ನೋಡಿ. ಕೈಯಲ್ಲಿ ನಾವು ದು, ಗ, ಆಮೇಲೆ ಅರ್ಕಾವತ್ತು ಬರೆಯುತ್ತೇವೆ. ಹಳೇ ಫಾಂಟೂ ಹಾಗೇ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ದು, ರ್, ಗ. ಆದ್ದರಿಂದ ಹಳೆಯದನ್ನು ಹೊಸದಕ್ಕೆ ಬದಲಿಸುವಾಗ ತಂತ್ರಾಂಶವು ಅಕ್ಷರಗಳನ್ನು ಹಿಂದೆಮುಂದೆ ಮಾಡಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೂ ಉಚ್ಚಾರದ ಕ್ರಮದ್ದೇ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಮೂಡುತ್ತದೆ. ಎಫ್ ಒತ್ತಿದ್ದು ಒತ್ತಿಗಾಗಿ.

(ಕೈಬರಹಕ್ಕೆ ಈ ತಾಪತ್ರಯವೇ ಇಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ನಮ್ಮ ಗೋಡೆ ಪತ್ರಿಕೆಗೆ ದೊಡ್ಡಪ್ಪ ಅನ್ನಿ!)

ಮೇಷ್ಟ್ರು ಪರಿವರ್ತಕ ತಂತ್ರಾಂಶಕ್ಕೆ ಫೈಲನ್ನು ಕೊಟ್ಟು ಹಾಡುಗಳನ್ನು ಯುನಿಕೋಡಿಗೆ ತಂದರು. ಅಜ್ಜಿಗೆ ಓದು ಬರಲ್ಲ. ಈಗ ಫೋನೇ ಗಟ್ಟಿಯಾಗಿ ಓದಿತು, ರಾಗವಿಲ್ಲದ ದನಿಯಲ್ಲಿ. ಮೂರನೇ ಹಾಡಿಗೆ ಅಜ್ಜಿ, “ತಡಿ ತಡಿ, ಇಲ್ಲಿ ಎರಡು ಸಾಲು ಬಿಟ್ಟೈತೆ” ಎಂದು ತಾವೇ ಹಾಡಿದರು. ಟೈಪ್ ಮಾಡುವಾಗಲೇ ಬಿಟ್ಟುಹೋಗಿತ್ತು. ಅವೆರಡು ಸಾಲು ನಾನು ಸೇರಿಸಿದೆ.

ನಿಮ್ಮ ಮನೆಯಲ್ಲೂ ಹಳೇ ಸಿ.ಡಿ. ಇದ್ದರೆ ಎಸೀಬೇಡ್ರಿ, ತನ್ನಿ. ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕೋ ಜಾಗ ಇನ್ನೂ ಐತೆ.