ಬಾರಿಸಿದವರದೋ, ಕೊಡಿಸಿದವರದೋ?

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗಾರ್‌ಫೀಲ್ಡ್, ಉಣ್ಣೆ ಗಿರಣಿಗಳಿದ್ದ ಪುಟ್ಟ ಊರು. ಪಕ್ಕದ ಪಸೇಯಿಕ್‌ನಲ್ಲಿ 1926ರಲ್ಲಿ ಹೊತ್ತಿಕೊಂಡ ಗಿರಣಿ ಕಾರ್ಮಿಕರ ಮುಷ್ಕರ ಈ ಊರನ್ನೂ ಹಿಡಿದು ಅಲ್ಲಾಡಿಸಿತ್ತು. ಅದರ ಪೆಟ್ಟು ಮಾಯುವ ಮೊದಲೇ 1929ರ ಆರ್ಥಿಕ ಕುಸಿತ ಬಂದೆರಗಿತು. ಅಪ್ಪಂದಿರಿಗೆ ಕೆಲಸವಿಲ್ಲ, ಹುಡುಗರಿಗೆ ಬೀದಿಯೇ ಗತಿ. ಅಂಥ ಹೊತ್ತಿನಲ್ಲಿ, 1934ರಲ್ಲಿ, ಊರಿನ ಹೋಲಿ ನೇಮ್ ಕ್ಯಾಥೊಲಿಕ್ ಚರ್ಚಿನ ಆಶ್ರಯದಲ್ಲಿ ಹುಡುಗರ ಕೈಗೆ ಡ್ರಮ್ಮು, ಬ್ಯೂಗಲ್ ಬಂದವು. ತಂಡಕ್ಕೆ ಹೋಲಿ ನೇಮ್ ಕೆಡೆಟ್ಸ್ ಎಂದು ಹೆಸರಾಯಿತು.

ಇಂಥ ತಂಡಗಳಿಗೆ ಅಮೆರಿಕದಲ್ಲಿ ಡ್ರಮ್ ಕೋರ್ ಎನ್ನುತ್ತಾರೆ. ದಸರಾ ಮೆರವಣಿಗೆಯಲ್ಲಿ ಸಾಗುವ ಪೊಲೀಸ್ ಬ್ಯಾಂಡನ್ನು ನೆನಪಿಸಿಕೊಂಡರೆ ಅದರ ಹೊರರೂಪ ಸ್ವಲ್ಪ ತಿಳಿದೀತು. ಇಲ್ಲಿ ಕ್ಲಾರಿನೆಟ್, ಸ್ಯಾಕ್ಸೊಫೋನ್‌ನಂಥ ವಾದ್ಯಗಳಿಲ್ಲ. ಇರುವುದು ಹಿತ್ತಾಳೆಯ ಊದುವಾದ್ಯ, ತಾಳವಾದ್ಯ, ಜತೆಗೆ ಬಾವುಟ ಹಿಡಿದ ಧ್ವಜದಳ. ಫುಟ್‌ಬಾಲ್ ಮೈದಾನದ ಉದ್ದಗಲಕ್ಕೆ ನಡೆಯುತ್ತ, ಓಡುತ್ತ, ಸಾಲು ಬಿಡಿಸಿ ಮತ್ತೆ ಕೂಡಿಸುತ್ತ ನುಡಿಸಬೇಕು. ಎದುರಿಗೆ ತೀರ್ಪುಗಾರರು. ಆ ದಿನಗಳಲ್ಲಂತೂ ಒಬ್ಬನ ಹೆಜ್ಜೆ ತಪ್ಪಿದರೂ ಇಡೀ ತಂಡದ ಅಂಕ ಹೋಗುತ್ತಿತ್ತು.

ಈ ಕಲೆಯ ಬೇರು ಸೈನ್ಯದಲ್ಲಿದೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘ ಕಟ್ಟಿಕೊಂಡರು. ಊರೂರಿನ ಲೀಜನ್ ಶಾಖೆಗಳು ಡ್ರಮ್ ತಂಡಗಳನ್ನು ಹುಟ್ಟುಹಾಕಿದವು, ಸ್ಪರ್ಧೆಗಳನ್ನು ಏರ್ಪಡಿಸಿದವು. ಇನ್ನೊಂದೆಡೆ, ವಲಸೆ ಬಂದ ಐರಿಷ್, ಇಟಾಲಿಯನ್, ಪೋಲಿಷ್ ಕುಟುಂಬಗಳ ಮಕ್ಕಳು ದಾರಿ ತಪ್ಪದಂತೆ ನೋಡಿಕೊಳ್ಳುವ ಚಿಂತೆ ಕ್ಯಾಥೊಲಿಕ್ ಚರ್ಚಿಗಿತ್ತು. 1930ರಲ್ಲಿ ಷಿಕಾಗೊದ ಬಿಷಪ್ ಬರ್ನಾರ್ಡ್ ಶೀಲ್ ಆರಂಭಿಸಿದ ಕ್ಯಾಥೊಲಿಕ್ ಯೂತ್ ಆರ್ಗನೈಸೇಷನ್ ಬಾಕ್ಸಿಂಗ್ ಕಣಗಳಿಂದ ಹೆಸರು ಮಾಡಿ ದೇಶದ ಉದ್ದಗಲಕ್ಕೂ ಹಬ್ಬಿತು. ಆ ಅಲೆಯಲ್ಲೇ ಡ್ರಮ್ ತಂಡಗಳೂ ಬೆಳೆದವು. ಗಾರ್‌ಫೀಲ್ಡ್‌ನ ಹೋಲಿ ನೇಮ್, ಬೇಯಾನ್‌ನ ಸೇಂಟ್ ವಿನ್ಸೆಂಟ್ಸ್, ನ್ಯೂಆರ್ಕ್‌ನ ಬ್ಲೆಸೆಡ್ ಸ್ಯಾಕ್ರಮೆಂಟ್, ಬಾಸ್ಟನ್ನಿನ ಹೈಡ್ ಪಾರ್ಕ್‌ನಲ್ಲಿ 1940ರಲ್ಲಿ ಹುಟ್ಟಿದ ಮೋಸ್ಟ್ ಪ್ರೆಷಸ್ ಬ್ಲಡ್ ಕ್ರುಸೇಡರ್ಸ್, ಹೀಗೆ ಹೆಸರಿನಲ್ಲೇ ಧರ್ಮಕೇಂದ್ರವನ್ನು, ಅಂದರೆ ತಮ್ಮ ಬಡಾವಣೆಯ ಚರ್ಚನ್ನು, ಹೊತ್ತ ತಂಡಗಳು ಈಶಾನ್ಯ ಅಮೆರಿಕದ ತುಂಬ ತಲೆಯೆತ್ತಿದವು.

ಬಿಂಗೊ ದುಡ್ಡು, ಭಾನುವಾರದ ಪೂಜೆ

ಚರ್ಚು ಕೊಟ್ಟದ್ದು ಸಣ್ಣದೇನಲ್ಲ. ಚಳಿಗಾಲದಲ್ಲಿ ತಾಲೀಮಿಗೆ ಸಭಾಂಗಣ, ಬೇಸಿಗೆಯಲ್ಲಿ ಶಾಲೆಯ ಅಂಗಳ, ವಾದ್ಯ ಇಡಲು ನೆಲಮಾಳಿಗೆ ಸಿಕ್ಕವು. ತಾಯಂದಿರು ಸಮವಸ್ತ್ರ ಹೊಲಿದರು, ತಂದೆಯರು ಬಸ್ಸಿಗೆ ಸಾಮಾನು ಹೇರಿದರು. ಹಬ್ಬದ ಮೆರವಣಿಗೆಯಲ್ಲಿ ತಂಡ ಮುಂದೆ ನಡೆದರೆ ಹಿಂದೆ ಬರುವ ಇಡೀ ಬಡಾವಣೆಗೆ ಕೋಡು ಮೂಡುತ್ತಿತ್ತು. ಗಿರಣಿ ಕಾರ್ಮಿಕನ ಮಗ ಹೆಚ್ಚು ಖರ್ಚಿಲ್ಲದೆ ಸಂಗೀತ ಕಲಿಯುತ್ತಿದ್ದ, ಬೇರೆ ರಾಜ್ಯದ ಊರು ನೋಡಿ ಬರುತ್ತಿದ್ದ. ಖರ್ಚು ತೂಗಿಸಲು ಕೇಕ್ ಮಾರಾಟ, ಲಾಟರಿ, ಅಂಕಿ ಕೂಗಿ ಆಡಿಸುವ ಬಿಂಗೊ ಆಟದ ಸಂಜೆಗಳಿದ್ದವು. ಚರ್ಚುಗಳೂ ದತ್ತಿಸಂಸ್ಥೆಗಳೂ ಬಿಂಗೊ ನಡೆಸಲು ನ್ಯೂಜೆರ್ಸಿಯ ಮತದಾರರು 1953ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಆ ದುಡ್ಡಿನ ಮೇಲೆ ಎಲ್ಲರ ಕಣ್ಣು ಬಿತ್ತು.

ಮನಸ್ತಾಪದ ಬೀಜವೂ ಇಲ್ಲೇ ಇತ್ತು. ಬಿಂಗೊದಿಂದ ಬಂದ ಹಣ ಶಾಲೆಯ ಸೂರಿಗೋ, ಹೊಸ ಬ್ಯೂಗಲ್‌ಗಳಿಗೋ? ಭಾನುವಾರ ಮಕ್ಕಳು ಬಲಿಪೂಜೆಯಲ್ಲಿರಬೇಕೋ, ನೂರಾರು ಮೈಲಿ ಆಚೆಯ ಸ್ಪರ್ಧೆಯಲ್ಲೋ? ಹೆಸರು ಬಂದಂತೆ ಅಕ್ಕಪಕ್ಕದ ಊರುಗಳ ಒಳ್ಳೆಯ ವಾದಕರು ತಂಡ ಹುಡುಕಿಕೊಂಡು ಬಂದರು. ಅವರಲ್ಲಿ ಬೇರೆ ಧರ್ಮಕೇಂದ್ರದವರಿದ್ದರು, ಕ್ಯಾಥೊಲಿಕರಲ್ಲದವರೂ ಇದ್ದರು. ಚರ್ಚಿನ ಗುರುಗಳ, ಅಂದರೆ ಪಾದ್ರಿಗಳ, ದೃಷ್ಟಿಯಿಂದ ನೋಡಿದರೆ, ತಮ್ಮ ಚರ್ಚಿನ ಮಕ್ಕಳಿಗಾಗಿ ಕಟ್ಟಿದ ತಂಡದಲ್ಲಿ ತಮ್ಮ ಮಕ್ಕಳೇ ಕಡಿಮೆಯಾಗುತ್ತಿದ್ದರು. ಶಿಕ್ಷಕನ ದೃಷ್ಟಿಯಿಂದ ನೋಡಿದರೆ, ರಾತ್ರಿ ಹಗಲು ತಿದ್ದಿ ತೀಡಿದ ತಂಡವನ್ನು ಬಡಾವಣೆಯ ಎಲ್ಲೆಯೊಳಗೆ ಕಟ್ಟಿಹಾಕುವುದು ಅನ್ಯಾಯ. ಇಬ್ಬರ ಮಾತಿನಲ್ಲೂ ಹುರುಳಿತ್ತು.

ಅಧಿಕಾರ ಮಾತ್ರ ಒಬ್ಬರ ಕೈಯಲ್ಲೇ ಇತ್ತು. ಧರ್ಮಕೇಂದ್ರದ ಆಸ್ತಿಗೆ ಅಲ್ಲಿನ ಗುರುವೇ ಮೇಲ್ವಿಚಾರಕ ಎಂಬುದು ಕ್ಯಾಥೊಲಿಕ್ ಧರ್ಮಸಭೆಯ ಪದ್ಧತಿ. ಚರ್ಚಿನ ಹೆಸರಿನಲ್ಲಿ ಕೊಂಡ ಡ್ರಮ್ಮು, ಹೊಲಿಸಿದ ಅಂಗಿ ಆ ಲೆಕ್ಕಕ್ಕೇ ಸೇರುತ್ತಿತ್ತು. ಸಂಗೀತವೆಂದರೆ ಜೀವ ಬಿಡುವ ಗುರು ವರ್ಗವಾಗಿ ಹೋಗಿ, ಶಾಲೆಯ ಸಾಲ ತೀರಿಸುವ ಹೊಣೆ ಹೊತ್ತ ಇನ್ನೊಬ್ಬರು ಬಂದರೆ ತಂಡದ ಹಣೆಬರಹ ಬದಲಾಗುತ್ತಿತ್ತು. ಜಗಳವಾಡಿ ಹೊರಬಂದವರಿಗೆ ವಾದ್ಯವೂ ಹೆಸರೂ ಸಿಗುವ ಖಾತರಿಯಿರಲಿಲ್ಲ.

ಹೆಸರು ಕಳಚಿದ ತಂಡಗಳು

1940ರ ದಶಕದಲ್ಲೇ ಲೀಜನ್‌ನ ರಾಷ್ಟ್ರಮಟ್ಟದ ಪ್ರಶಸ್ತಿ ಗೆದ್ದು ಹೆಸರಾಗಿದ್ದ ಹೋಲಿ ನೇಮ್ ಕೆಡೆಟ್ಸ್, 1950ರ ದಶಕದ ಕೊನೆಗೆ ಧರ್ಮಕೇಂದ್ರದಿಂದ ಬೇರೆಯಾಯಿತು. ಚರ್ಚಿನ ಹೆಸರಿದ್ದ ಕಡೆ ಊರಿನ ಹೆಸರು ಬಂದು ತಂಡ ಗಾರ್‌ಫೀಲ್ಡ್ ಕೆಡೆಟ್ಸ್ ಆಯಿತು. ಬಾಸ್ಟನ್ನಿನ ತಂಡವೂ ಕಾಲಕ್ರಮದಲ್ಲಿ ಧರ್ಮಕೇಂದ್ರದ ಹೆಸರು ಬಿಟ್ಟು ಬಾಸ್ಟನ್ ಕ್ರುಸೇಡರ್ಸ್ ಆಯಿತು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲೇ ರಿವಿಯರ್ ಎಂಬ ಕಡಲತಡಿಯ ಊರಿನಲ್ಲಿ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಧರ್ಮಕೇಂದ್ರದ ರೆವರೀಸ್ ತಂಡವಿತ್ತು. ಅಲ್ಲಿಂದ ಹೊರಬಂದ ಜಾರ್ಜ್ ಬೊನ್‌ಫಿಲಿಯೊ ಮತ್ತು ಸಂಗಡಿಗರು 1960ರ ದಶಕದ ಕೊನೆಗೆ ಚರ್ಚಿನ ಹಂಗಿಲ್ಲದ 27ನೇ ಲ್ಯಾನ್ಸರ್ಸ್ ತಂಡ ಕಟ್ಟಿದರು. 1980ರಲ್ಲಿ ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್ ಸಮಾರಂಭದಲ್ಲಿ ನುಡಿಸುವ ಗೌರವ ಆ ತಂಡದ್ದಾಯಿತು.

ಚರ್ಚುಗಳಿಗೂ ಆಗ ಕಷ್ಟಕಾಲ ಶುರುವಾಗಿತ್ತು. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅಲ್ಲಿಂದ ಮುಂದೆ ಇಳಿಮುಖ. ಸಂಬಳವಿಲ್ಲದೆಯೇ ಎಂಬಂತೆ ಪಾಠ ಹೇಳುತ್ತಿದ್ದ ಕನ್ಯಾಸ್ತ್ರೀಯರ ಸಂಖ್ಯೆ ತಗ್ಗಿತು, ಸಂಬಳದ ಶಿಕ್ಷಕರು ಬಂದರು, ನಾಲ್ಕು ಕಾಸು ಕಂಡ ಕುಟುಂಬಗಳು ಹಳೆ ಬಡಾವಣೆ ಬಿಟ್ಟು ನಗರದ ಹೊರವಲಯಕ್ಕೆ ಹೋದವು. ಶಾಲೆಯನ್ನು ಉಳಿಸಿಕೊಳ್ಳುವುದೇ ದುಸ್ತರವಾದಾಗ ಡ್ರಮ್ ತಂಡಕ್ಕೆ ಹಣ ಎಲ್ಲಿಂದ ಬರಬೇಕು? ಎಷ್ಟೋ ತಂಡಗಳು ಜಗಳವಿಲ್ಲದೆಯೇ ಕಣ್ಮರೆಯಾದವು.

ಇತ್ತ ಹೊರಬಂದ ತಂಡಗಳಿಗೆ ಇನ್ನೊಬ್ಬ ಯಜಮಾನನಿದ್ದ. ಸ್ಪರ್ಧೆಯ ನಿಯಮ ಬರೆಯುತ್ತಿದ್ದವರು ಮಾಜಿ ಸೈನಿಕರ ಸಂಘಗಳು. ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ 1971ರಲ್ಲಿ ಗಾರ್‌ಫೀಲ್ಡ್ ಕೆಡೆಟ್ಸ್ ಹುಡುಗರು ‘ಇನ್ನು ಯುದ್ಧ ಬೇಡ’ ಎಂಬ ವಸ್ತುವಿನ ಪ್ರದರ್ಶನ ಕಟ್ಟಿ, ಮೈದಾನದ ಮೇಲೆ ಶಾಂತಿಯ ಚಿಹ್ನೆಯಾಗಿ ನಿಂತರು. ಸೈನಿಕ ಶಿಸ್ತಿನ ಕಲೆಯನ್ನೇ ಹಿಡಿದು ಯುದ್ಧ ಬೇಡವೆಂದ ಆ ಹುಡುಗರ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅದೇ ವರ್ಷ ಪ್ರಮುಖ ತಂಡಗಳು ಒಟ್ಟಾಗಿ ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್ ಎಂಬ ಸ್ವಂತ ಸಂಸ್ಥೆ ಕಟ್ಟಿಕೊಂಡವು. ಅದರ ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು.

ಸ್ವಾತಂತ್ರ್ಯದ ಬೆಲೆ

ಮುಂದಿನ ದಶಕಗಳಲ್ಲಿ ಈ ಕಲೆ ಏರಿದ ಎತ್ತರ ಬೆರಗು ಹುಟ್ಟಿಸುವಂಥದ್ದು. ಒಂದೆರಡು ಕವಾಟದ ಬ್ಯೂಗಲ್ ಹೋಗಿ 1990ರಲ್ಲಿ ಮೂರು ಕವಾಟದ್ದು ಬಂತು, ಆಮೇಲೆ ಧ್ವನಿವರ್ಧಕ, ಎಲೆಕ್ಟ್ರಾನಿಕ್ ವಾದ್ಯ. ಕೆಡೆಟ್ಸ್ 1983ರಿಂದ 2011ರವರೆಗೆ ಹತ್ತು ಬಾರಿ ಚಾಂಪಿಯನ್ ಆಯಿತು. ಆದರೆ ಇಂದು ಮುಂಚೂಣಿಯ ತಂಡದಲ್ಲಿ ಒಂದು ಬೇಸಿಗೆ ಕಳೆಯಲು ಸದಸ್ಯನೇ ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು. ಸದಸ್ಯರು ದೇಶದ ಮೂಲೆಮೂಲೆಯಿಂದ ಬರುತ್ತಾರೆ, ಬಹುಪಾಲು ಜನ ಸಂಗೀತ ಕಲಿಯುವ ಕಾಲೇಜು ವಿದ್ಯಾರ್ಥಿಗಳು. 1934ರ ಗಾರ್‌ಫೀಲ್ಡ್‌ನ ಗಿರಣಿ ಕಾರ್ಮಿಕನ ಮಗ ಈ ಬಾಗಿಲಲ್ಲಿ ನಿಂತರೆ ಒಳಗೆ ಬರುವುದು ಸುಲಭವಲ್ಲ.

ಇದಕ್ಕಿಂತ ಕಹಿಯಾದ ಬೆಲೆಯನ್ನೂ ತೆರಬೇಕಾಯಿತು. 2018ರಲ್ಲಿ ಕೆಡೆಟ್ಸ್ ತಂಡವನ್ನು ದಶಕಗಳ ಕಾಲ ಮುನ್ನಡೆಸಿದ ನಿರ್ದೇಶಕರ ವಿರುದ್ಧ ಒಂಬತ್ತು ಮಹಿಳೆಯರು ಲೈಂಗಿಕ ಕಿರುಕುಳ, ದೌರ್ಜನ್ಯದ ಆರೋಪ ಮಾಡಿದರು. ಅವರು ಆರೋಪ ನಿರಾಕರಿಸಿ ಹುದ್ದೆ ಬಿಟ್ಟರು. ಮುಂದೆ, 1980ರ ದಶಕದ ದೌರ್ಜನ್ಯವೊಂದರ ಬಗ್ಗೆ ಹೂಡಲಾದ ಮೊಕದ್ದಮೆಯ ಹೊರೆ ತಾಳಲಾರದೆ 2024ರಲ್ಲಿ ಸಂಸ್ಥೆಯೇ ಬಾಗಿಲು ಮುಚ್ಚಿತು. ಆಗ ತಂಡ ಹುಟ್ಟಿ ತೊಂಬತ್ತು ವರ್ಷ.

ಚರ್ಚಿನ ನೆರಳಲ್ಲೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಬಾಸ್ಟನ್ ಮಹಾಧರ್ಮಪ್ರಾಂತ್ಯದಲ್ಲಿ ಪಾದ್ರಿಗಳು ಮಕ್ಕಳ ಮೇಲೆ ಎಸಗಿದ ದೌರ್ಜನ್ಯವನ್ನೂ ಅದನ್ನು ಮುಚ್ಚಿಟ್ಟ ಬಗೆಯನ್ನೂ ಬಾಸ್ಟನ್ ಗ್ಲೋಬ್ ಪತ್ರಿಕೆ 2002ರಲ್ಲಿ ಬಯಲಿಗೆಳೆದಿತ್ತು. ಹಳೆಯ ಜಗಳದಲ್ಲಿ ಗುರು ಮತ್ತು ತಂಡದ ಹಿರಿಯರು ತಂಡ ಯಾರದೆಂದು ವಾದಿಸಿದರು. ಇಬ್ಬರ ಕೈಯಲ್ಲೂ ಮಕ್ಕಳ ದನಿಗೆ ಜಾಗ ಕಡಿಮೆಯೇ ಇತ್ತು.

2025ರ ಆಗಸ್ಟ್‌ನಲ್ಲಿ, ಹೈಡ್ ಪಾರ್ಕ್‌ನ ಚರ್ಚಿನಲ್ಲಿ ಹುಟ್ಟಿದ ಬಾಸ್ಟನ್ ಕ್ರುಸೇಡರ್ಸ್ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆಯಿತು. ಎಂಬತ್ತೈದು ವರ್ಷ ಕಾದ ಗೆಲುವದು. ಧರ್ಮಕೇಂದ್ರ ಹಚ್ಚಿದ ಸಂಗೀತದ ಕಿಡಿ ಧರ್ಮಕೇಂದ್ರವಿಲ್ಲದೆಯೂ ಉರಿಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ಆ ಕಾಲದ ಗುರುಗಳಿಂದ ಈಗಿನವರು ಕಲಿಯಬೇಕಾದ್ದು ಇದೆ: ಬಡಮನೆಯ ಹುಡುಗನ ಕೈಗೆ ಕಾಸು ಕೇಳದೆ ವಾದ್ಯ ಕೊಡುವುದು. ಗುರುಗಳು ಮಾಡದೆ ಬಿಟ್ಟದ್ದನ್ನು ಈಗಿನವರು ಸೇರಿಸಬೇಕು: ಕೊಟ್ಟ ಮೇಲೆ ಒಡೆತನ ಕೇಳದಿರುವುದು, ಹುಡುಗ ಹುಡುಗಿಯರು ದೂರು ಹೇಳಿದಾಗ ತಂಡದ ಮಾನಕ್ಕಿಂತ ಮೊದಲು ಅವರನ್ನು ನಂಬುವುದು. ಹಣ ಕೊಡುವವರು, ಕಲಿಸುವವರು ಬರುತ್ತಾರೆ, ಹೋಗುತ್ತಾರೆ. ಡ್ರಮ್ಮು ಅದನ್ನು ಬಾರಿಸುವ ಮಕ್ಕಳದು.