ಮಣ್ಣಿನಲ್ಲಿ ಉಳಿದ ಮಳೆಯ ಚರಿತ್ರೆ

ಮನುಷ್ಯನು ಬರವಣಿಗೆಯನ್ನು ಕಲಿತು ಸುಮಾರು ಐದು ಸಾವಿರ ವರ್ಷಗಳಾಗಿವೆ. ಹೀಗಿರುವಾಗ, ಲಕ್ಷಾಂತರ ವರ್ಷಗಳ ಹಿಂದೆ ಮಳೆ ಹೇಗಿತ್ತೆಂಬುದನ್ನು ತಿಳಿಯುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಾಕ್ಷಿಗಳಲ್ಲಿ ಮಣ್ಣೂ ಒಂದು.

ಉತ್ತರ ಚೀನಾದಲ್ಲಿ, ಹಳದಿ ನದಿಯ ನಡುಹರಿವಿನ ಎಡೆಯಲ್ಲಿ, ವಿಶಾಲವಾದ ಪ್ರಸ್ಥಭೂಮಿಯೊಂದಿದೆ. ಅಲ್ಲಿನ ಮಣ್ಣಿಗೆ 'ಲೋಯೆಸ್' ಎಂದು ಹೆಸರು. ವಾಯವ್ಯದ ಮರುಭೂಮಿಗಳಿಂದ ಚಳಿಗಾಲದ ಗಾಳಿಯು ಹೊತ್ತು ತಂದು ಸುರಿದ ನವಿರಾದ ಧೂಳೇ ಈ ಮಣ್ಣು. ಇದು ಅನೇಕ ಕಡೆ ನೂರು ಮೀಟರಿಗೂ ಹೆಚ್ಚು ದಪ್ಪವಾಗಿದೆ. ನದಿಗೆ ಆ ಬಣ್ಣವೂ ಆ ಹೆಸರೂ ಬಂದುದು ಇದರಿಂದಲೇ.

ಅಲ್ಲಿನ ಕೊರಕಲುಗಳ ಗೋಡೆಗಳಲ್ಲಿ ಹಳದಿ ಪಟ್ಟಿಗಳ ನಡುವೆ ಕೆಂಗಂದು ಬಣ್ಣದ ಪಟ್ಟಿಗಳು ಕಾಣುತ್ತವೆ. ಚಳಿಯೂ ಒಣಹವೆಯೂ ಬಲಿತ ಹಿಮಯುಗಗಳಲ್ಲಿ ಧೂಳು ಬೇಗ ಬೇಗ ರಾಶಿಬಿದ್ದು ಹಳದಿ ಪದರವಾಯಿತು. ಭೂಮಿಯು ಬೆಚ್ಚಗಾಗಿ, ಸಮುದ್ರದ ಕಡೆಯಿಂದ ಬೀಸುವ ಬೇಸಗೆಯ ಮಾನ್ಸೂನ್ ಬಲಗೊಂಡಾಗ ಧೂಳು ಕಡಿಮೆಯಾಯಿತು; ಮಳೆ ಸುರಿದು ಹುಲ್ಲು ಬೆಳೆಯಿತು; ಬೇರು, ಹುಳು, ನೀರುಗಳ ಕ್ರಿಯೆಯಿಂದ ಮೇಲಿನ ಧೂಳು ಕೆಂಗಂದು ಮಣ್ಣಾಯಿತು. ಮತ್ತೆ ಹಿಮಯುಗ ಬಂದಾಗ ಹೊಸ ಧೂಳು ಕವಿದು ಆ ಮಣ್ಣು ಹೂತುಹೋಯಿತು.

ಹೀಗೆ ಮಳೆಯ ಕಾಲದಲ್ಲಿ ರೂಪುಗೊಂಡ ಮಣ್ಣಿನಲ್ಲಿ ಕಾಂತಗುಣವುಳ್ಳ ಅತಿಸೂಕ್ಷ್ಮ ಖನಿಜಕಣಗಳು ಹೆಚ್ಚು. ಆದುದರಿಂದ ಪದರಗಳ ಕಾಂತಗುಣವನ್ನು ಅಳೆದು ಅಂದಿನ ಮಳೆಯನ್ನು ಅಂದಾಜು ಮಾಡಬಹುದು. ಭೂಮಿಯ ಕಾಂತಕ್ಷೇತ್ರವು ಹಿಂದೆ ಹಲವು ಬಾರಿ ತಲೆಕೆಳಗಾಗಿದೆ. ಅದರ ಗುರುತೂ ಈ ಪದರಗಳಲ್ಲಿ ಉಳಿದಿದೆ. 1982ರಲ್ಲಿ ಹೆಲ್ಲರ್ ಮತ್ತು ಲಿಯು ತುಂಗ್‌ಶೆಂಗ್ ಎಂಬ ವಿಜ್ಞಾನಿಗಳು ಲುವೋಚುವಾನ್ ಎಂಬಲ್ಲಿ ಈ ಗುರುತುಗಳ ನೆರವಿನಿಂದ ಪದರಗಳ ವಯಸ್ಸನ್ನು ನಿರ್ಣಯಿಸಿದರು. ಇಂದಿನ ಲೆಕ್ಕದಂತೆ ಅಡಿಯ ಪದರವು ಸುಮಾರು 26 ಲಕ್ಷ ವರ್ಷಗಳಷ್ಟು ಹಳೆಯದು.

ಏಷ್ಯಾದ ಕೋಟ್ಯಂತರ ರೈತರು ನಂಬಿ ಬಾಳುವ ಮಾನ್ಸೂನ್ ಎಂದೂ ಒಂದೇ ಬಗೆಯಾಗಿರಲಿಲ್ಲ. ಭೂಮಿಯ ಉಷ್ಣತೆಯೊಡನೆ ಅದೂ ಬದಲಾಗುತ್ತ ಬಂದಿದೆ. ಈ ಪದರಗಳು ಸಾರುವ ಮಾತು ಇದೇ. ಮನುಷ್ಯನ ಕೈಯಿಂದಲೇ ಭೂಮಿ ಬಿಸಿಯಾಗುತ್ತಿರುವ ಇಂದು ನಾವು ಇದನ್ನು ಕಡೆಗಣಿಸುವಂತಿಲ್ಲ.

ನಮ್ಮ ದೇಶದಲ್ಲಿಯೂ, ಕಾಶ್ಮೀರ ಕಣಿವೆಯ 'ಕರೇವಾ' ಎಂಬ ದಿಬ್ಬಗಳ ಮೇಲ್ಭಾಗದಲ್ಲಿ ಲೋಯೆಸ್ ಪದರಗಳೂ ಹೂತ ಮಣ್ಣುಗಳೂ ಇವೆ. ಕೇಸರಿ ಬೆಳೆಯುವುದೂ ಕರೇವಾ ನೆಲದಲ್ಲಿಯೇ. ಇಟ್ಟಿಗೆಗಾಗಿ, ರಸ್ತೆ ಮತ್ತು ರೈಲುಮಾರ್ಗಗಳಿಗಾಗಿ ಜನರು ಆ ದಿಬ್ಬಗಳನ್ನು ಅಗೆದು ಸಾಗಿಸಿದ್ದಾರೆ. ಸುಟ್ಟುಹೋದ ಗ್ರಂಥಕ್ಕೆ ಎಲ್ಲಿಯಾದರೂ ಮತ್ತೊಂದು ಪ್ರತಿ ಇದ್ದೀತು. ಅಗೆದುಹೋದ ದಿಬ್ಬಕ್ಕೆ ಪ್ರತಿಯಿಲ್ಲ.